ಎಣಿಕೆ, ತೂಕ, ಅಳತೆ, ಬೆಲೆ: ವಿಕಿರಣಪಟುತ್ವದ ಏಕಮಾನಗಳೂ ಕನ್ನಡದ ಬರವಣಿಗೆಯೂ

1

ಒಂದು ಭಾಷೆಯಲ್ಲಿ ವಿಜ್ಞಾನವನ್ನು ಬರೆಯುವುದೆಂದರೆ ಪಾರಿಭಾಷಿಕ ಪದಗಳನ್ನು ನಿರ್ಮಿಸುವುದೇ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರ ಸುಮಾರಿಗೆ ‘ವಿಜ್ಞಾನ’ ಮಾಸಪತ್ರಿಕೆಯನ್ನು ನಡೆಸಿದ ಕಾಲದಲ್ಲಿ ಪದಗಳ ಕೊರತೆ ನಿಜವಾಗಿಯೂ ಒಂದು ತೊಡಕಾಗಿದ್ದಿತು. ಆ ಕೊರತೆ ಈಗ ಬಹುಮಟ್ಟಿಗೆ ತೀರಿದೆ. ವಿಕಿರಣಪಟುತ್ವ, ಅರ್ಧಾಯು, ಸಮಸ್ಥಾನಿ, ವಿಘಟನೆ ಮೊದಲಾದ ಮಾತುಗಳು ಪ್ರೌಢಶಾಲೆಯ ವಿದ್ಯಾರ್ಥಿಗೂ ಪರಿಚಿತವಾಗಿವೆ. ಆದರೆ ಪದವಿದ್ದ ಮಾತ್ರಕ್ಕೆ ವಿಚಾರ ಸ್ಪಷ್ಟವಾಗುವುದಿಲ್ಲ. ಪದವೊಂದು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತು ಎಂಬುದನ್ನು ಮರೆತು ಅದನ್ನು ಬಳಸಿದರೆ, ಅದು ತಿಳಿವಳಿಕೆಗೆ ಸಹಾಯಕವಾಗುವ ಬದಲು ಅಡ್ಡಿಯಾಗಿ ನಿಲ್ಲುತ್ತದೆ. ವಿಕಿರಣಪಟುತ್ವವನ್ನು ಅಳೆಯುವ ಏಕಮಾನಗಳ ವಿಷಯದಲ್ಲಿ ನಮ್ಮ ಬರವಣಿಗೆಗೆ ಒದಗಿರುವುದು ಇದೇ ಸ್ಥಿತಿ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿವೇಚನೆ ಕೇವಲ ಪಾಂಡಿತ್ಯದ ಮಾತಲ್ಲವೆಂಬುದಕ್ಕೆ ಯಾದಗಿರಿ ಜಿಲ್ಲೆಯೇ ಸಾಕ್ಷಿ. ಶಹಾಪುರ ತಾಲ್ಲೂಕಿನ ಗೋಗಿ, ಆದಿಲಶಾಹಿ ವಂಶದ ಮೊದಲ ಸುಲ್ತಾನರ ಸಮಾಧಿಗಳಿರುವ ಊರೆಂದು ಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದಿದೆ. ಅದೇ ಗೋಗಿ, ಪರಮಾಣು ಖನಿಜ ನಿರ್ದೇಶನಾಲಯದ ಶೋಧನೆಯ ಫಲವಾಗಿ, ಯುರೇನಿಯಂ ನಿಕ್ಷೇಪದ ಊರೆಂದೂ ಹೆಸರಾಯಿತು. ಭೀಮಾ ಶಿಲಾಸ್ತೋಮದ ಸುಣ್ಣಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟು ಕುರ್ಲಗೆರೆ–ಗೋಗಿ ಸ್ತರಭಂಗದ ಎಡೆಯಲ್ಲಿ ಬಿರುಕುಬಿಟ್ಟಿರುವ ಕಡೆ ಈ ಖನಿಜ ಸೇರಿಕೊಂಡಿದೆ. ಅದಿರಿನಲ್ಲಿ ಯುರೇನಿಯಂ ಆಕ್ಸೈಡಿನ ಅಂಶ ಸರಾಸರಿ ಶೇಕಡಾ 0.18ರ ಸುಮಾರು ಎಂದು ಹೇಳಲಾಗಿದೆ. ನಮ್ಮ ದೇಶದ ಇತರ ನಿಕ್ಷೇಪಗಳೊಡನೆ ಹೋಲಿಸಿದರೆ ಇದು ಉತ್ತಮ ದರ್ಜೆಯದು. ಭಾರತ ಯುರೇನಿಯಂ ನಿಗಮವು ಅಲ್ಲಿ ಪರಿಶೋಧನಾ ಗಣಿಯನ್ನು ತೋಡಿತು; ಗಣಿ ಮತ್ತು ಸಂಸ್ಕರಣ ಘಟಕದ ಪ್ರಸ್ತಾಪವೂ ಬಂದಿತು; ಊರವರಲ್ಲಿ ಕಳವಳವೂ ವಿರೋಧವೂ ತಲೆದೋರಿದವು. ಹೀಗೆ ಬೆಕೆರೆಲ್, ಸೀವರ್ಟ್ ಮುಂತಾದ ಮಾತುಗಳು ಪ್ರಯೋಗಶಾಲೆಯ ಬಾಗಿಲು ದಾಟಿ ಬಾವಿಕಟ್ಟೆಗೆ ಬಂದವು. ಅವನ್ನು ವಿವರಿಸುವ ಹೊಣೆ ಅಲ್ಲಿನ ಶಾಲಾ ಕಾಲೇಜುಗಳ ಅಧ್ಯಾಪಕರ ಮೇಲೆ ಬಿದ್ದಿದೆ. ಆ ಅಧ್ಯಾಪಕನ ಕೈಗೆ ಕನ್ನಡವು ಎಂತಹ ಗದ್ಯವನ್ನು ಕೊಟ್ಟಿದೆ ಎಂಬುದು ನಮ್ಮ ಪ್ರಶ್ನೆ.

2

ನಮ್ಮ ಜನಪ್ರಿಯ ಲೇಖನಗಳಲ್ಲಿಯೂ ಸುದ್ದಿಬರಹಗಳಲ್ಲಿಯೂ ಪದೇ ಪದೇ ಕಾಣುವ ಒಂದು ನುಡಿಗಟ್ಟು ‘ವಿಕಿರಣದ ಪ್ರಮಾಣ’. ಪ್ರಮಾಣವೆಂಬುದು ಕನ್ನಡದಲ್ಲಿ ಬಹುಭಾರವನ್ನು ಹೊತ್ತಿರುವ ಶಬ್ದ. ಅದಕ್ಕೆ ಅಳತೆಯೆಂಬ ಅರ್ಥವುಂಟು, ಅನುಪಾತವೆಂಬ ಅರ್ಥವುಂಟು, ತರ್ಕಶಾಸ್ತ್ರದಲ್ಲಿ ಆಧಾರವೆಂಬ ಅರ್ಥವುಂಟು, ನ್ಯಾಯಾಲಯದಲ್ಲಿ ಆಣೆಯೆಂಬ ಅರ್ಥವೂ ಉಂಟು. ಇಷ್ಟರ ಮೇಲೆ, ವಿಕಿರಣದ ಮಾತು ಬಂದಾಗ ನಾಲ್ಕು ಬೇರೆ ಬೇರೆ ರಾಶಿಗಳನ್ನು ಇದೊಂದೇ ಶಬ್ದದಿಂದ ಸೂಚಿಸುವ ರೂಢಿ ಬಂದಿದೆ. ನೀರಿನಲ್ಲಿ ಕರಗಿರುವ ಯುರೇನಿಯಮ್ಮಿನ ತೂಕವೂ ಪ್ರಮಾಣ, ಅದರಲ್ಲಿ ಸೆಕೆಂಡಿಗೆ ನಡೆಯುವ ವಿಘಟನೆಗಳ ಸಂಖ್ಯೆಯೂ ಪ್ರಮಾಣ, ದೇಹ ಹೀರಿದ ಶಕ್ತಿಯೂ ಪ್ರಮಾಣ, ಅದರಿಂದ ಸಂಭವಿಸಬಹುದಾದ ಹಾನಿಯ ಅಂದಾಜೂ ಪ್ರಮಾಣ. ಒಂದು ಸಂಖ್ಯೆ ಇನ್ನೊಂದಕ್ಕಿಂತ ದೊಡ್ಡದೆಂದು ಹೇಳುವುದಕ್ಕೆ ಮೊದಲು ಅವೆರಡೂ ಒಂದೇ ಜಾತಿಯವೇ ಎಂದು ಕೇಳುವ ಅವಕಾಶವನ್ನೇ ಈ ಶಬ್ದ ಕಸಿದುಕೊಳ್ಳುತ್ತದೆ.

ಇದು ಕನ್ನಡದ ಬಡತನವೆಂದು ಯಾರಾದರೂ ಭಾವಿಸುವುದಾದರೆ ಅದು ಸರಿಯಲ್ಲ. ಸುರಪುರ–ಶಹಾಪುರಗಳ ಸಂತೆಯಲ್ಲಿ ನಿಂತು ನೋಡಿದರೆ ಸಾಕು: ತೆಂಗಿನಕಾಯಿಯನ್ನು ಎಣಿಸುತ್ತಾರೆ, ಬೆಲ್ಲವನ್ನು ತೂಗುತ್ತಾರೆ, ಜೋಳವನ್ನು ಸೇರಿನಿಂದ ಅಳೆಯುತ್ತಿದ್ದ ನೆನಪು ಹಿರಿಯರಲ್ಲಿ ಇನ್ನೂ ಇದೆ, ಎತ್ತಿಗೆ ಬೆಲೆ ಕಟ್ಟುತ್ತಾರೆ. ಎಣಿಸು, ತೂಗು, ಅಳೆ, ಬೆಲೆಕಟ್ಟು ಎಂಬ ನಾಲ್ಕು ಕ್ರಿಯಾಪದಗಳನ್ನು ಹಳ್ಳಿಗನು ಎಂದೂ ಬೆರೆಸುವುದಿಲ್ಲ. ಎತ್ತಿಗೆ ಬೆಲೆ ಕಟ್ಟುವವನು ಅದರ ತೂಕವನ್ನಷ್ಟೇ ನೋಡದೆ ಹಲ್ಲು, ನಡೆ, ವಯಸ್ಸುಗಳನ್ನೆಲ್ಲ ಮನಸ್ಸಿನಲ್ಲಿಟ್ಟು ಒಂದು ಮೊತ್ತವನ್ನು ಹೇಳುತ್ತಾನೆ. ವಿಕಿರಣದ ಏಕಮಾನಗಳಲ್ಲಿರುವ ಭೇದವೂ ಇಂಥದ್ದೇ. ನುಡಿಯಲ್ಲಿ ಸಿದ್ಧವಾಗಿರುವ ಈ ವಿವೇಕವನ್ನು ಬಿಟ್ಟು ಎಲ್ಲವನ್ನೂ ‘ಪ್ರಮಾಣ’ದ ಚೀಲಕ್ಕೆ ತುಂಬಿದವರು ಲೇಖಕರಾದ ನಾವು.

3

ಮೊದಲನೆಯದು ಎಣಿಕೆ. 1896ರಲ್ಲಿ ಬೆಕೆರೆಲನು ಯುರೇನಿಯಂ ಲವಣಗಳ ವಿಕಿರಣವನ್ನು ಕಂಡುಹಿಡಿದ ಮೇಲೆ, 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಗುರುತಿಸಿದರು. 1910ರಲ್ಲಿ ಬ್ರಸಲ್ಸ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ‘ಕ್ಯೂರಿ’ ಎಂಬ ಏಕಮಾನವನ್ನು ಅಂಗೀಕರಿಸಿತು. ಅದು ಹುಟ್ಟಿದ್ದು ತೂಕದ ಆಸರೆಯಲ್ಲಿ: ಒಂದು ಗ್ರಾಂ ರೇಡಿಯಮ್ಮಿನೊಡನೆ ಸಮತೋಲದಲ್ಲಿರುವಷ್ಟು ರೇಡಾನ್ ಅನಿಲವೇ ಒಂದು ಕ್ಯೂರಿ. ಇನ್ನೂ ಬಹಳ ಚಿಕ್ಕದಾದ ತೂಕವನ್ನು ಆಧಾರವಾಗಿಟ್ಟುಕೊಳ್ಳಬೇಕೆಂಬ ಆಲೋಚನೆ ಇದ್ದರೂ, ಒಂದು ಗ್ರಾಮೇ ಇರಬೇಕೆಂದು ಮೇರಿ ಕ್ಯೂರಿ ಪಟ್ಟುಹಿಡಿದರು. ಕಾಲಕ್ರಮದಲ್ಲಿ ತೂಕದ ಆಸರೆ ಕಳಚಿ, ಸೆಕೆಂಡಿಗೆ 3,700 ಕೋಟಿ ವಿಘಟನೆಗಳು ಎಂಬ ಶುದ್ಧ ಎಣಿಕೆಯಾಗಿ ಕ್ಯೂರಿ ನೆಲೆನಿಂತಿತು. 1975ರಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನವು ಸೆಕೆಂಡಿಗೆ ಒಂದು ವಿಘಟನೆಯನ್ನು ‘ಬೆಕೆರೆಲ್’ ಎಂದು ಕರೆಯಿತು. ಹಳೆಯದು ಅತಿ ದೊಡ್ಡದು, ಹೊಸದು ಅತಿ ಚಿಕ್ಕದು. ಆದಕಾರಣ ಒಂದೇ ಸಂಗತಿಯನ್ನು ಕ್ಯೂರಿಯಲ್ಲಿ ಹೇಳಿದರೆ ದಶಾಂಶ ಬಿಂದುವಿನ ಆಚೆ ಸೊನ್ನೆಗಳು ಸಾಲುಗಟ್ಟಿ ಓದುಗನು ನಿದ್ರಿಸುತ್ತಾನೆ. ಬೆಕೆರೆಲಿನಲ್ಲಿ ಹೇಳಿದರೆ ಸಾವಿರ ಲಕ್ಷಗಳು ಎದ್ದುನಿಂತು ಅವನು ಬೆಚ್ಚುತ್ತಾನೆ. ಸಂಖ್ಯೆಯ ಗಾತ್ರವನ್ನು ನೋಡಿ ತೀರ್ಮಾನಕ್ಕೆ ಬರಬಾರದೆಂಬುದಕ್ಕೆ ಒಂದು ದೃಷ್ಟಾಂತ ಸಾಕು: ಎಪ್ಪತ್ತು ಕಿಲೋಗ್ರಾಂ ತೂಕದ ಆರೋಗ್ಯವಂತನ ದೇಹದಲ್ಲಿ ಸಹಜವಾಗಿರುವ ಪೊಟ್ಯಾಸಿಯಂ–40 ಒಂದರಿಂದಲೇ ಸುಮಾರು 4,000 ಬೆಕೆರೆಲ್ ಇರುತ್ತದೆ.

ಎಣಿಕೆಗೂ ತೂಕಕ್ಕೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳಿಗೆ ತೋರಿಸಲು ಸುರಪುರ ತಾಲ್ಲೂಕಿನ ಬೋನಾಳದ ಕೆರೆಗಿಂತ ಉತ್ತಮವಾದ ಉದಾಹರಣೆ ನಮಗೆ ಹೊಳೆಯಲಿಲ್ಲ. ಸುರಪುರದ ನಾಯಕ ಅರಸರ ಕಾಲದ ಆ ಕೆರೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮೆಡೋಸ್ ಟೇಲರನು ದುರಸ್ತಿ ಮಾಡಿಸಿದನು. ಈಗ ಅದು ಪಕ್ಷಿಧಾಮ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ದೂರದ ಉತ್ತರದಿಂದ ಅಲ್ಲಿಗೆ ಬರುತ್ತವೆ. ದಂಡೆಯ ಮೇಲೆ ನಿಂತವನು ಎರಡು ಪ್ರಶ್ನೆಗಳನ್ನು ಕೇಳಬಹುದು: ನೀರಿನ ಮೇಲೆ ಎಷ್ಟು ಹಕ್ಕಿಗಳಿವೆ? ಒಂದು ನಿಮಿಷದಲ್ಲಿ ಎಷ್ಟು ಹಕ್ಕಿಗಳು ಮೇಲೇಳುತ್ತವೆ? ಮೊದಲನೆಯದು ಪದಾರ್ಥದ ಪ್ರಶ್ನೆ, ಎರಡನೆಯದು ಪಟುತ್ವದ ಪ್ರಶ್ನೆ. ಹತ್ತು ಸಾವಿರ ಹಕ್ಕಿಗಳು ಅಲುಗದೆ ಕುಳಿತಿರಬಹುದು. ನೂರು ಹಕ್ಕಿಗಳು ಕ್ಷಣಕ್ಷಣವೂ ಹಾರುತ್ತಿರಬಹುದು. ಯುರೇನಿಯಂ–238 ಮೊದಲನೆಯ ಬಗೆಯದು, ರೇಡಿಯಂ–226 ಎರಡನೆಯ ಬಗೆಯದು. ಒಂದು ಗ್ರಾಂ ಯುರೇನಿಯಂ–238ರಲ್ಲಿ ಸೆಕೆಂಡಿಗೆ ಸುಮಾರು 12,400 ವಿಘಟನೆಗಳಾದರೆ, ಒಂದು ಗ್ರಾಂ ರೇಡಿಯಮ್ಮಿನಲ್ಲಿ ಅದರ ಸುಮಾರು ಮೂವತ್ತು ಲಕ್ಷ ಪಟ್ಟು ವಿಘಟನೆಗಳಾಗುತ್ತವೆ. ಉಪಮೆಗೆ ಒಂದು ಮಿತಿಯುಂಟು. ಹಕ್ಕಿ ತನ್ನಿಚ್ಛೆಯಿಂದ ಹಾರುತ್ತದೆ, ಒಂದನ್ನು ನೋಡಿ ಇನ್ನೊಂದು ಹಾರುತ್ತದೆ. ನ್ಯೂಕ್ಲಿಯಸ್ಸು ಮಾತ್ರ ನೆರೆಯದನ್ನು ಲೆಕ್ಕಿಸದೆ, ತನ್ನ ವಯಸ್ಸನ್ನೂ ಲೆಕ್ಕಿಸದೆ, ಕೇವಲ ಸಂಭಾವ್ಯತೆಗೆ ಒಳಪಟ್ಟು ಒಡೆಯುತ್ತದೆ.

ಮೂರನೆಯದು ಅಳತೆ. ಒಂದು ಕಿಲೋಗ್ರಾಂ ವಸ್ತು ಹೀರಿಕೊಂಡ ಶಕ್ತಿ ಒಂದು ಜೂಲ್ ಆದರೆ ಅದು ಒಂದು ‘ಗ್ರೇ’. ಇದೂ 1975ರಲ್ಲಿ ಅಂಗೀಕೃತವಾದದ್ದು. ಹಳೆಯ ಪುಸ್ತಕಗಳಲ್ಲಿ ಕಾಣುವ ‘ರ್‍ಯಾಡ್’ ಅದರ ನೂರರಲ್ಲೊಂದು ಭಾಗ. ಉಳ್ಳಾಲದ ಕಡಲತೀರದ ಮೋನಜೈಟ್ ಮರಳಿನಿಂದ ಹೊರಡುವ ಗಾಮಾ ಕಿರಣಗಳ ಅಧ್ಯಯನಗಳಲ್ಲಿ ಗಾಳಿಯಲ್ಲಿ ಗಂಟೆಗೆ ಇಷ್ಟು ನ್ಯಾನೋಗ್ರೇ ಎಂದು ಹೇಳುವುದು ಈ ಏಕಮಾನದ ಉಚಿತ ಪ್ರಯೋಗ.

ನಾಲ್ಕನೆಯದು ಬೆಲೆ. ಆಲ್ಫಾ ಕಣ ಕೊಟ್ಟ ಶಕ್ತಿಯೂ ಗಾಮಾ ಕಿರಣ ಕೊಟ್ಟ ಶಕ್ತಿಯೂ ಜೂಲ್ ಲೆಕ್ಕದಲ್ಲಿ ಸಮನಾಗಿದ್ದರೂ ಜೀವಕೋಶಕ್ಕೆ ಸಮನಲ್ಲ. ಆದ್ದರಿಂದ ಆಲ್ಫಾ ಕಣದ ಪಾಲನ್ನು ಇಪ್ಪತ್ತರಿಂದ ಗುಣಿಸಿ, ಅಂಗಾಂಗಗಳ ಸೂಕ್ಷ್ಮತೆಗೂ ಬೇರೆ ಬೇರೆ ಗುಣಕಗಳನ್ನಿಟ್ಟು ‘ಸೀವರ್ಟ್’ ಎಂಬ ಮೊತ್ತಕ್ಕೆ ಬರುತ್ತಾರೆ. 1979ರಲ್ಲಿ ಇದು ಅಂಗೀಕೃತವಾಯಿತು. ಒಂದು ಗ್ರೇ ಎಂದರೆ ಒಂದು ಸೀವರ್ಟ್ ಎಂದು ಬರೆದುಬಿಡುವುದು ಗಾಮಾ, ಬೀಟಾ ಮತ್ತು ಎಕ್ಸ್ ಕಿರಣಗಳು ಇಡೀ ದೇಹದ ಮೇಲೆ ಒಂದೇ ಸಮನಾಗಿ ಬಿದ್ದಾಗ ಮಾತ್ರ ಸಲ್ಲುತ್ತದೆ. ಆಲ್ಫಾ ಕಣಗಳೇ ಮುಖ್ಯವಾಗಿರುವ ಯುರೇನಿಯಂ ನಾಡಿನಲ್ಲಿ ಅದು ಸಲ್ಲದು. ಸೀವರ್ಟನ್ನು ಯಾವ ಉಪಕರಣವೂ ನೇರವಾಗಿ ಅಳೆಯುವುದಿಲ್ಲ. ಅದು ಅನೇಕ ಅಧ್ಯಯನಗಳ ಮೇಲೆ ನಿಂತ, ತಜ್ಞರ ಒಪ್ಪಿಗೆಯ ಗುಣಕಗಳನ್ನೊಳಗೊಂಡ ನಿರ್ಣಯ. ನಿರ್ಣಯವಾದ್ದರಿಂದ ಕೀಳೆಂದಲ್ಲ; ಆದರೆ ಅದನ್ನು ತಕ್ಕಡಿಯ ಮುಳ್ಳಿನಂತೆ ಉದ್ಧರಿಸಬಾರದು.

4

ಏಕಮಾನಗಳಷ್ಟೇ ಅಲ್ಲದೆ ಅವುಗಳ ಸುತ್ತ ಬೆಳೆದ ನಮ್ಮ ಪರಿಭಾಷೆಯೂ ಪರೀಕ್ಷೆಗೆ ಅರ್ಹವಾಗಿದೆ. ‘ಕ್ಷಯ’ ಎಂಬ ಮಾತನ್ನು ತೆಗೆದುಕೊಳ್ಳೋಣ. ಚಂದ್ರನ ಕ್ಷಯ, ಕ್ಷಯರೋಗ, ತಿಥಿಕ್ಷಯ: ಎಲ್ಲೆಡೆಯೂ ಸವೆದು ಇಲ್ಲವಾಗುವ ಅರ್ಥ ಅದಕ್ಕುಂಟು. ಆದರೆ ಯುರೇನಿಯಂ–238 ಕ್ಷಯಿಸಿದಾಗ ಇಲ್ಲವಾಗುವುದಿಲ್ಲ, ಬೇರೊಂದಾಗುತ್ತದೆ. ಅದರ ವಂಶಾವಳಿಯ ಮುಖ್ಯ ಶಾಖೆಯಲ್ಲಿ, ಅದನ್ನೂ ಸೇರಿಸಿ, ಹದಿನಾಲ್ಕು ವಿಕಿರಣಪಟು ಸದಸ್ಯರಿದ್ದಾರೆ. ಕೊನೆಯಲ್ಲಿ ಸ್ಥಿರವಾದ ಸೀಸ. ಗೋಗಿಯ ದರ್ಜೆಯ ಒಂದು ಕಿಲೋಗ್ರಾಂ ಅದಿರಿನಲ್ಲಿ ಯುರೇನಿಯಂ–238ರ ಪಟುತ್ವ ಸುಮಾರು 19,000 ಬೆಕೆರೆಲ್ ಎಂದು ಲೆಕ್ಕಹಾಕಬಹುದು. ಕೋಟ್ಯಂತರ ವರ್ಷ ಅಲುಗದೆ ಇದ್ದ ಶಿಲೆಯಲ್ಲಿ ಸಮತೋಲವಿದ್ದರೆ ಉಳಿದ ಹದಿಮೂರು ಸದಸ್ಯರೂ ತಲಾ ಅಷ್ಟಷ್ಟೇ ಪಟುತ್ವವನ್ನು ಹೊಂದಿರುತ್ತಾರೆ. ಸಂಸ್ಕರಣದಲ್ಲಿ ಯುರೇನಿಯಮ್ಮನ್ನು ತೆಗೆದುಕೊಂಡರೆ, ಅಲ್ಪಾಯುಷಿಗಳಾದ ಒಂದೆರಡು ಸದಸ್ಯರು ಕೆಲವು ತಿಂಗಳಲ್ಲಿ ಅಡಗಿದರೂ, ಥೋರಿಯಂ–230 ಮತ್ತು ರೇಡಿಯಂ–226 ಮೊದಲಾದ ಹತ್ತು ಸದಸ್ಯರು ಉಳಿಕೆಯ ಕೆಸರಿನಲ್ಲಿಯೇ ನಿಲ್ಲುತ್ತಾರೆ. ಅಂದರೆ ಮೂಲ ಪಟುತ್ವದ ಶೇಕಡಾ ಎಪ್ಪತ್ತರಷ್ಟು ಭಾಗ ಕೆಸರಿನ ಪಾಲು. ‘ಯುರೇನಿಯಂ ತೆಗೆದಾಯಿತು, ಉಳಿದದ್ದು ಬರಿಯ ಮಣ್ಣು’ ಎಂಬ ಸಮಾಧಾನದ ವಾಕ್ಯವನ್ನು ಕ್ಷಯವೆಂಬ ಮಾತು ತನಗರಿವಿಲ್ಲದೆಯೇ ಪೋಷಿಸುತ್ತದೆ. ಈ ಸಂದರ್ಭದಲ್ಲಿ ‘ರೂಪಾಂತರ’ ಎಂಬುದು ಹೆಚ್ಚು ಸತ್ಯವಾದ ಮಾತು.

‘ಅರ್ಧಾಯು’ ಎಂಬುದು ಚೊಕ್ಕವಾದ ಸೃಷ್ಟಿ, ಅದನ್ನು ಬಿಡಬೇಕಾಗಿಲ್ಲ. ಆದರೂ ಅದು ಎರಡು ಭ್ರಾಂತಿಗಳಿಗೆ ಎಡೆಕೊಡುತ್ತದೆ. ಅರ್ಧ ಆಯುಸ್ಸು ಕಳೆದರೆ ಇನ್ನರ್ಧದಲ್ಲಿ ಎಲ್ಲವೂ ಮುಗಿಯುವುದೆಂದು ವಿದ್ಯಾರ್ಥಿ ತಿಳಿಯುತ್ತಾನೆ. ವಾಸ್ತವವಾಗಿ ಎರಡು ಅರ್ಧಾಯುಗಳ ಮೇಲೆ ಕಾಲುಭಾಗವೂ ಹತ್ತರ ಮೇಲೆ 1,024ರಲ್ಲಿ ಒಂದು ಭಾಗವೂ ಉಳಿದಿರುತ್ತದೆ. ಎರಡನೆಯದಾಗಿ, ದೀರ್ಘಾಯುವಾದದ್ದು ಹೆಚ್ಚು ಭಯಂಕರವೆಂಬ ಭಾವನೆ. ಯುರೇನಿಯಂ–238ರ ಅರ್ಧಾಯು ಸುಮಾರು 447 ಕೋಟಿ ವರ್ಷ ಎಂದು ಉದ್ಗಾರಚಿಹ್ನೆಯೊಡನೆ ಬರೆಯುವವರು, ಆ ದೀರ್ಘತೆಯಿಂದಲೇ ಅದರ ಪಟುತ್ವ ಮಂದವಾಗಿದೆಯೆಂಬುದನ್ನು ಹೇಳುವುದಿಲ್ಲ. ಇದಲ್ಲದೆ ಪದಾರ್ಥದ ಭೌತಿಕ ಅರ್ಧಾಯುವೇ ಬೇರೆ, ದೇಹದಿಂದ ಅದು ಹೊರಹೋಗುವ ಜೈವಿಕ ಅರ್ಧಾಯುವೇ ಬೇರೆ. 2009ರ ನವೆಂಬರಿನಲ್ಲಿ ಕೈಗಾ ಅಣುವಿದ್ಯುತ್ ಕೇಂದ್ರದಲ್ಲಿ ಕುಡಿಯುವ ನೀರಿನ ತಂಪುಯಂತ್ರವೊಂದಕ್ಕೆ ಟ್ರಿಷಿಯಂ ಬೆರೆತು ನೌಕರರ ದೇಹವನ್ನು ಸೇರಿದ ಪ್ರಸಂಗದಲ್ಲಿ ಈ ಭೇದ ಮುಖ್ಯವಾಗಿತ್ತು. ಟ್ರಿಷಿಯಮ್ಮಿನ ಭೌತಿಕ ಅರ್ಧಾಯು 12.3 ವರ್ಷ, ನೀರಿನ ರೂಪದಲ್ಲಿ ದೇಹವನ್ನು ಸೇರಿದರೆ ಅದರಲ್ಲಿ ಅರ್ಧದಷ್ಟು ಹೊರಹೋಗಲು ಬೇಕಾಗುವುದು ಹತ್ತು ದಿನಗಳ ಸುಮಾರು. ಇಂತಹ ಸಂದರ್ಭದಲ್ಲಿ ‘ವಿಕಿರಣ ಸೋರಿಕೆ’ ಎಂದು ಬರೆದರೆ ಸಂಗತಿಯೇ ಮಸುಕಾಗುತ್ತದೆ. ದೇಹವನ್ನು ಸೇರಿದ್ದು ಪದಾರ್ಥ. ವಿಕಿರಣ ಆ ಪದಾರ್ಥದ ಕಾರ್ಯ. ದೀಪವನ್ನೂ ಬೆಳಕನ್ನೂ ಒಂದೇ ಹೆಸರಿನಿಂದ ಕರೆಯುವುದು ಎಷ್ಟು ಸರಿಯೋ ಇದೂ ಅಷ್ಟೇ ಸರಿ.

5

ಈ ಭೇದಗಳನ್ನು ಮರೆತರೆ ಏನಾಗುವುದೆಂಬುದನ್ನು ಗೋಗಿಯ ನೆರೆಹೊರೆಯ ಊರೊಂದರ ಕೊಳವೆಬಾವಿಯನ್ನು ಕಲ್ಪಿಸಿಕೊಂಡು ನೋಡೋಣ. ನೀರಿನ ಪರೀಕ್ಷೆಯ ಚೀಟಿಯಲ್ಲಿ ಯುರೇನಿಯಂ ಲೀಟರಿಗೆ 60 ಮೈಕ್ರೋಗ್ರಾಂ ಎಂದಿದೆಯೆಂದು ಭಾವಿಸೋಣ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯು 2004ರಲ್ಲಿ 15 ಮೈಕ್ರೋಗ್ರಾಂ ಎಂದೂ 2011ರಲ್ಲಿ 30 ಮೈಕ್ರೋಗ್ರಾಂ ಎಂದೂ ಮಾರ್ಗದರ್ಶಕ ಮೌಲ್ಯವನ್ನು ಸೂಚಿಸಿತು. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 2004ರಲ್ಲಿ 60 ಮೈಕ್ರೋಗ್ರಾಂ ಎಂದಿತು. ಚೀಟಿಯನ್ನು ಇಬ್ಬರು ಓದುತ್ತಾರೆ. ಒಬ್ಬನು ತೂಕವನ್ನು ಎಣಿಕೆಗೆ ತಿರುಗಿಸುತ್ತಾನೆ: ಒಂದು ಮಿಲಿಗ್ರಾಂ ನೈಸರ್ಗಿಕ ಯುರೇನಿಯಮ್ಮಿಗೆ ಸುಮಾರು 25 ಬೆಕೆರೆಲ್, ಹಾಗಾದರೆ ಲೀಟರಿಗೆ ಒಂದೂವರೆ ಬೆಕೆರೆಲ್. ನಿನ್ನ ದೇಹದಲ್ಲಿಯೇ ನಾಲ್ಕು ಸಾವಿರವಿದೆ, ಹೆದರಬೇಡ ಎನ್ನುತ್ತಾನೆ. ಇನ್ನೊಬ್ಬನು ಯುರೇನಿಯಂ ಎಂಬ ಹೆಸರನ್ನೂ 447 ಕೋಟಿ ವರ್ಷವನ್ನೂ ನೋಡಿ, ಊರು ಮುಗಿಯಿತು ಎನ್ನುತ್ತಾನೆ. ಇಬ್ಬರೂ ತಪ್ಪಿದರು.

ಮೊದಲನೆಯವನ ಲೆಕ್ಕ ಅಂದಾಜಿನಲ್ಲಿ ಸರಿ. ಅಂತರ್ಜಲದಲ್ಲಿ ಯುರೇನಿಯಂ–234ರ ಪಟುತ್ವ 238ರದಕ್ಕಿಂತ ಅನೇಕ ವೇಳೆ ಹೆಚ್ಚಿರುವುದರಿಂದ ಅದು ಖಚಿತವಲ್ಲ. ದಿನಕ್ಕೆ ಎರಡು ಲೀಟರಿನಂತೆ ವರ್ಷವಿಡೀ ಆ ನೀರನ್ನು ಕುಡಿದ ವಯಸ್ಕನಿಗೆ ಯುರೇನಿಯಮ್ಮಿನಿಂದ ಬರುವ ಡೋಸ್ ಸುಮಾರು 0.05 ಮಿಲಿಸೀವರ್ಟ್, ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟುಕೊಂಡಿರುವ 0.1 ಮಿಲಿಸೀವರ್ಟಿನ ಮಾನದಂಡದ ಅರ್ಧ. ಆದರೆ 30 ಮೈಕ್ರೋಗ್ರಾಂ ಎಂಬ ಮೌಲ್ಯ ವಿಕಿರಣಕ್ಕಾಗಿ ಇಟ್ಟದ್ದೇ ಅಲ್ಲ. ಭಾರಲೋಹವಾದ ಯುರೇನಿಯಂ ಮೂತ್ರಪಿಂಡಕ್ಕೆ ಮಾಡುವ ರಾಸಾಯನಿಕ ಬಾಧೆಯನ್ನು ಕುರಿತು ಇಟ್ಟದ್ದು. ಅಲ್ಲಿ ಕೇಳಬೇಕಾದದ್ದು ತೂಕವನ್ನು. ತೂಕದ ಪ್ರಶ್ನೆಗೆ ಎಣಿಕೆಯ ಉತ್ತರವನ್ನು ಕೊಟ್ಟು ಸಮಾಧಾನ ಹೇಳುವುದು, ಬೆಲ್ಲದ ತೂಕ ಕೇಳಿದವನಿಗೆ ಅಚ್ಚುಗಳ ಸಂಖ್ಯೆಯನ್ನು ಹೇಳಿದಂತೆ. ಅಲ್ಲದೆ ಯುರೇನಿಯಮ್ಮಿನ ಚೀಟಿ ರೇಡಿಯಮ್ಮಿನ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಅದರ ರಸಾಯನ ಬೇರೆ, ನೀರಿನಲ್ಲಿ ಅದರ ಚಲನೆ ಬೇರೆ. ಅದನ್ನು ಬೇರೆಯಾಗಿಯೇ ಎಣಿಸಬೇಕು, ಅಲ್ಲಿ ಬೆಕೆರೆಲೇ ಯೋಗ್ಯವಾದ ಮಾತು.

ಗಣಿಯೊಳಗೆ ಇಳಿಯುವ ಕಾರ್ಮಿಕನ ಪ್ರಶ್ನೆ ಇವೆರಡೂ ಅಲ್ಲ. ಅವನ ಶ್ವಾಸಕೋಶಕ್ಕೆ ಅಪಾಯವಾಗುವುದು ರೇಡಾನ್ ಅನಿಲದ ಅಲ್ಪಾಯುಷಿ ಸಂತತಿಯಿಂದ. ಇದಕ್ಕಾಗಿ 1950ರ ದಶಕದಲ್ಲಿ ಅಮೆರಿಕದ ಯುರೇನಿಯಂ ಗಣಿಗಳ ಅನುಭವದಿಂದ ‘ವರ್ಕಿಂಗ್ ಲೆವೆಲ್’ ಎಂಬ ವಿಲಕ್ಷಣವಾದ ಏಕಮಾನ ಹುಟ್ಟಿತು. ಸಮತೋಲದಲ್ಲಿದ್ದರೆ ಲೀಟರ್ ಗಾಳಿಗೆ ಸುಮಾರು 100 ಪಿಕೋಕ್ಯೂರಿ, ಅಂದರೆ 3.7 ಬೆಕೆರೆಲ್, ರೇಡಾನಿನ ಸಂತತಿಗೆ ಸಮನಾದದ್ದು. ಆ ಮಟ್ಟದ ಗಾಳಿಯನ್ನು 170 ಗಂಟೆಗಳ ಕಾಲ, ಎಂದರೆ ಒಂದು ತಿಂಗಳ ದುಡಿಮೆಯ ಹೊತ್ತು, ಉಸಿರಾಡಿದರೆ ಒಂದು ‘ವರ್ಕಿಂಗ್ ಲೆವೆಲ್ ಮಂತ್’. ಶುದ್ಧ ಭೌತಶಾಸ್ತ್ರದ ದೃಷ್ಟಿಗೆ ಇದು ಕಲಬೆರಕೆಯೆಂದು ತೋರಬಹುದು. ಆದರೆ ನಮ್ಮ ಅಭಿಪ್ರಾಯದಲ್ಲಿ ಇದು ಏಕಮಾನಗಳ ಸ್ವರೂಪವನ್ನು ಬೇರಾವುದಕ್ಕಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ: ಒಬ್ಬ ಮನುಷ್ಯ, ಅವನು ಉಸಿರಾಡುವ ಗಾಳಿ, ಅವನು ದುಡಿಯುವ ಹೊತ್ತು, ಮೂರೂ ಅದರಲ್ಲಿ ಕಾಣುತ್ತವೆ.

ಇಷ್ಟೆಲ್ಲ ಸೂಕ್ಷ್ಮಗಳು ಸಾಮಾನ್ಯ ಓದುಗನಿಗೆ ಹೊರೆಯಾಗುವುವು, ಅವನಿಗೆ ಅಪಾಯವೋ ಅಲ್ಲವೋ ಎಂಬುದಷ್ಟೇ ಬೇಕು ಎಂಬ ಆಕ್ಷೇಪವನ್ನು ನಾವು ನಿರೀಕ್ಷಿಸುತ್ತೇವೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಲೇಖನ ಕೋಷ್ಟಕವಾಗಬಾರದು, ಪ್ರತಿಯೊಂದು ವಾಕ್ಯದಲ್ಲಿಯೂ ನಾಲ್ಕು ಏಕಮಾನಗಳನ್ನು ಹೇರಬಾರದು. ಆದರೆ ‘ಅಪಾಯವಿಲ್ಲ’ ಎಂಬುದೂ ‘ಅಪಾಯವಿದೆ’ ಎಂಬುದೂ ಬೇರೊಬ್ಬರು ಓದುಗನ ಪರವಾಗಿ ಮಾಡಿಕೊಟ್ಟ ನಿರ್ಣಯಗಳು. ನಿರ್ಣಯದ ಹಾದಿಯನ್ನು ಮುಚ್ಚಿ ಅದರ ಕೊನೆಯನ್ನು ಮಾತ್ರ ಕೊಟ್ಟರೆ, ನಾಳೆ ಇನ್ನೊಬ್ಬರು ಬೇರೆ ಮಾತನ್ನು ಹೇಳಿದಾಗ ಅವನಿಗೆ ನಿಲ್ಲಲು ನೆಲವಿರುವುದಿಲ್ಲ. ಸಂತೆಯಲ್ಲಿ ತಕ್ಕಡಿಯನ್ನು ನೋಡಿ ವ್ಯಾಪಾರ ಮಾಡುವವನಿಗೆ ನೀರಿನ ಚೀಟಿಯಲ್ಲಿರುವುದು ತೂಕವೋ ಎಣಿಕೆಯೋ ಎಂಬುದನ್ನು ಕೇಳಲು ಕಲಿಸುವುದು ಕಷ್ಟವಲ್ಲ.

ಆದಕಾರಣ ಅಧ್ಯಾಪಕರಲ್ಲಿಯೂ ವಿಜ್ಞಾನ ಲೇಖಕರಲ್ಲಿಯೂ ನಮ್ಮ ವಿನಂತಿ ಇಷ್ಟೇ. ‘ವಿಕಿರಣದ ಪ್ರಮಾಣ’ ಎಂಬ ನುಡಿಗಟ್ಟನ್ನು ಬಿಡೋಣ. ತೂಕವಾದರೆ ತೂಕವೆಂದೂ, ವಿಘಟನೆಯ ಎಣಿಕೆಯಾದರೆ ಎಣಿಕೆಯೆಂದೂ, ಹೀರಿದ ಶಕ್ತಿಯಾದರೆ ಅಳತೆಯೆಂದೂ, ಹಾನಿಯ ಅಂದಾಜಾದರೆ ಅಂದಾಜೆಂದೂ ಬರೆಯೋಣ. ಪ್ರತಿಯೊಂದು ಸಂಖ್ಯೆಯ ಜೊತೆಗೆ ಅದು ಎಷ್ಟು ನೀರಿಗೆ, ಎಷ್ಟು ಹೊತ್ತಿಗೆ, ಯಾವ ಧಾತುವಿಗೆ ಸಂಬಂಧಿಸಿದ್ದು ಎಂಬುದನ್ನು ಸೇರಿಸೋಣ. ಮಿತಿಯನ್ನು ಹೇಳುವಾಗ ಅದನ್ನು ಯಾರು, ಯಾವ ವರ್ಷ, ಯಾವ ಬಾಧೆಯನ್ನು ಕುರಿತು ಇಟ್ಟರೆಂಬುದನ್ನೂ ಹೇಳೋಣ. ಗೋಗಿಯ ಗಣಿ ಬೇಕೋ ಬೇಡವೋ ಎಂಬುದು ಈ ಲೇಖನದ ವಿಷಯವಲ್ಲ. ಅದನ್ನು ತೀರ್ಮಾನಿಸುವವರಲ್ಲಿ ಅಲ್ಲಿನ ನೀರು ಕುಡಿಯುವ ಜನರೂ ಸೇರಿರುವುದರಿಂದ, ಅವರ ಕೈಗೆ ಬರುವ ಚೀಟಿ ಅವರಿಗೆ ತಿಳಿಯುವ ಕನ್ನಡದಲ್ಲಿಯೂ ಭೌತಶಾಸ್ತ್ರಕ್ಕೆ ಸಮ್ಮತವಾದ ಕನ್ನಡದಲ್ಲಿಯೂ ಇರಬೇಕು. ಇವೆರಡೂ ಒಂದೇ ಕನ್ನಡವಾಗಿರಲು ಸಾಧ್ಯವೆಂಬುದು ನಮ್ಮ ನಂಬಿಕೆ.